ತೆರೆಯ ಹಿಂದಿನ ಗೆಜ್ಜೆಗೆ ಕಿವಿಗೊಟ್ಟ ಹಿಮ್ಮೇಳ

ತಮಿಳುನಾಡಿನ ಹರೂರು ಸೀಮೆಯಲ್ಲಿ ದ್ರೌಪದಿ ಅಮ್ಮನ ಜಾತ್ರೆಗೆ ರಾತ್ರಿಯಿಡೀ ಆಡುವ ತೆರುಕ್ಕೂತ್ತು ಎಂಬ ಬಯಲಾಟವನ್ನು ನೋಡಿ ಬಂದವರು ಕಿರೀಟ, ಭುಜಕೀರ್ತಿ, ದುರ್ಯೋಧನನ ಆರ್ಭಟವನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಆಟದ ಸೋಲುಗೆಲುವು ತೀರ್ಮಾನವಾಗುವುದು ಹಿಮ್ಮೇಳದಲ್ಲಿ. ಹಾರ್ಮೋನಿಯಂ, ಮೃದಂಗ, ಮುಖವೀಣೆ, ತಾಳ, ಇಷ್ಟೇ ಮೇಳ. ಮೂಡಲಪಾಯ ಬಯಲಾಟ ಕಂಡ ನಮ್ಮವರಿಗೆ ಆ ಮುಖವೀಣೆಯ ಕೂಗು ಹೊಸದೇನಲ್ಲ.

ಆಟಕ್ಕೆ ಮುಂಚೆ ಮೃದಂಗದವರು ರವೆ ಕಲಸಿ ಎಡಮುಖಕ್ಕೆ ಮೆತ್ತುತ್ತಾರೆ. ಒಂದು ಪೆಟ್ಟು ಹಾಕಿ ಕೇಳಿ, ಚೂರು ಕಿತ್ತು, ಮತ್ತೆ ಒತ್ತುತ್ತಾರೆ. ಮುಖವೀಣೆಯವರು ಪೀಪಿಯನ್ನು ಬಾಯಲ್ಲಿಟ್ಟು ನೆನೆಸುತ್ತಾರೆ. ಇದು ಕಣ್ಣಿಗೆ ಕಾಣುವ ತಯಾರಿ. ಇದಕ್ಕಿಂತ ಕಷ್ಟದ್ದು ಪ್ರಸಂಗವನ್ನೇ ಬಾಯಿಪಾಠ ಮಾಡುವುದು. ಪಾತ್ರದ ಪ್ರವೇಶವನ್ನೇ ನೋಡಿ: ಇಬ್ಬರು ತೆರೆ ಹಿಡಿದಿರುತ್ತಾರೆ, ವೇಷಧಾರಿ ಅದರ ಹಿಂದೆ ಹಾಡುತ್ತಾ ಸುತ್ತುತ್ತಾನೆ. ಎಷ್ಟು ಸುತ್ತು ಹಾಕುತ್ತಾನೆ ಎಂಬುದು ಅವನ ಉಸಿರಿಗೂ ಜನರ ಹುಮ್ಮಸ್ಸಿಗೂ ಬಿಟ್ಟದ್ದು. ಅವನು ತೆರೆಯಿಂದ ಹೊರಬರುವವರೆಗೆ ಹಿಮ್ಮೇಳದವರು ನಡೆಯನ್ನು ಜಾರಲು ಬಿಡದೆ, ಏರಲೂ ಬಿಡದೆ ಹಿಡಿದಿಡಬೇಕು. ಬ್ರಾಡ್‌ವೇ ಸಂಗೀತನಾಟಕಗಳ ವಾದ್ಯದವರೂ ಮಾತು ಮುಗಿಯುವ ತನಕ ಒಂದೇ ತುಣುಕನ್ನು ಮತ್ತೆಮತ್ತೆ ನುಡಿಸುತ್ತಾರೆ. ಅವರಿಗೆ ವಾದ್ಯವೃಂದದ ನಿರ್ದೇಶಕನ ಕೈಸನ್ನೆ ಇದೆ, ಇವರಿಗೆ ಗೆಜ್ಜೆಯ ಸದ್ದೇ ಸನ್ನೆ.

ಜರ್ಮನ್ ಸಂಗೀತಕಾರ ವಾಗ್ನರ್ 1876ರಲ್ಲಿ ಬೈರಾಯ್ಟ್ ರಂಗಮಂದಿರ ತೆರೆದಾಗ ವಾದ್ಯದವರನ್ನು ರಂಗದ ಕೆಳಗಿನ ಗುಂಡಿಯಲ್ಲಿ ಮರೆಮಾಡಿದ್ದ. ಕೂತ್ತಿನಲ್ಲಿ ಅವರು ಎಲ್ಲರ ಕಣ್ಣೆದುರು ಕೂರುತ್ತಾರೆ, ಪಾತ್ರದ ಸಾಲನ್ನು ಎತ್ತಿ ಹಾಡುತ್ತಾರೆ, ವಿದೂಷಕನಾದ ಕಟ್ಟಿಯಕ್ಕಾರನ ಮಾತಿಗೆ ಮಾತು ಕೊಡುತ್ತಾರೆ. ನನಗೆ ಇದೇ ಹೆಚ್ಚು ಒಪ್ಪುತ್ತದೆ. ಪಾತ್ರದ ಅಳುವಿಗೆ ಹಿಮ್ಮೇಳದವರ ಮುಖ ಬಾಡುವುದನ್ನು ನೋಡುತ್ತಾ ಪ್ರೇಕ್ಷಕರೂ ಅದರೊಳಕ್ಕೆ ಸೇರುತ್ತಾರೆ. ಹುಡುಗನಾಗಿ ಗುಬ್ಬಿ ಕಂಪನಿಯಲ್ಲಿ ಪಳಗಿದ ಬಿ.ವಿ. ಕಾರಂತರೂ ಮುಂದೆ ತಮ್ಮ ನಾಟಕಗಳಲ್ಲಿ ಸಂಗೀತವನ್ನು ಅಭಿನಯದ ಒಳಗಿನಿಂದಲೇ ಹುಟ್ಟಿಸಿದರು.

ಈಗ ಹಳ್ಳಿಯ ಆಟಗಳಿಗೆ ಕೀಬೋರ್ಡೂ ರಿದಂ ಪ್ಯಾಡೂ ಬಂದಿವೆ. ದನಿವರ್ಧಕದ ಬಗ್ಗೆ ನನ್ನ ತಕರಾರಿಲ್ಲ; ಸಾವಿರ ಜನಕ್ಕೆ ಕೇಳಿಸಬೇಕಲ್ಲ. ಆದರೆ ರಿದಂ ಪೆಟ್ಟಿಗೆಯಲ್ಲಿ ಮೊದಲೇ ತುಂಬಿಟ್ಟ ತಾಳ ಯಾರಿಗೂ ಕಾಯುವುದಿಲ್ಲ. ಸೀರೆ ಸೆಳೆಸಿಕೊಳ್ಳುತ್ತಿರುವ ದ್ರೌಪದಿ ಒಂದು ಗಳಿಗೆ ಮೌನವಾಗಬೇಕೆಂದರೆ ಪೆಟ್ಟಿಗೆ ಸುಮ್ಮನಿರದು, ಅವಳೇ ಅದರ ಲೆಕ್ಕಕ್ಕೆ ಬಗ್ಗಬೇಕಾಗುತ್ತದೆ. ನಟನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಜೋರು ಸದ್ದಿನ ನಡುವೆ ಮುಖವೀಣೆಯ ಎಳೆ ಅಡಗಿಹೋಗುವುದು ಎರಡನೆಯ ನಷ್ಟ.

ಕಲಿಯಬಂದ ಹುಡುಗರಿಗೆ ಮೊದಲು ತಾಳ ಕೊಟ್ಟು ಹಿಮ್ಮೇಳದ ಪಕ್ಕದಲ್ಲಿ ಕೂರಿಸಬೇಕು. ಬೆಳಗಿನ ಜಾವ ಪಾತ್ರಧಾರಿಯ ಗಂಟಲು ಬಳಲಿದಾಗ ಹಾಡಿನ ಸಾಲನ್ನು ಎಲ್ಲಿ ಎತ್ತಿಕೊಡಬೇಕೆಂಬುದು ಅಲ್ಲಿ ಕೂತವರಿಗೆ ಮಾತ್ರ ತಿಳಿಯುತ್ತದೆ.