ಗುರುಗ್ರಹದ ಕಲೆಯೂ ನಮ್ಮ ಗದ್ಯವೂ

ವಸ್ತು ಹೇಗಿದೆಯೋ ಹಾಗೆ ಹೇಳುವುದೂ ಒಂದು ಅಲಂಕಾರವೇ? ನಮ್ಮ ಆಲಂಕಾರಿಕರಲ್ಲಿ ಇದು ಹಳೆಯ ವಾದ. ದಂಡಿ ಸ್ವಭಾವೋಕ್ತಿಯನ್ನು ಅರ್ಥಾಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದ. ಭಾಮಹ ಅದನ್ನು ಕೆಲವರ ಮತವೆಂದಷ್ಟೇ ಹೇಳಿ ಮುಂದೆ ಸಾಗಿದ. ಗ್ರಹಗಳ ಮೇಲೆ ಕ್ಷುದ್ರಗ್ರಹಗಳು ಬಂದು ಬೀಳುವುದನ್ನು ಕುರಿತ ಕನ್ನಡ ಲೇಖನಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ದಂಡಿಯ ಕಡೆಗೇ ವಾಲುತ್ತದೆ.

2009ರ ಜುಲೈ 19ರ ರಾತ್ರಿ ಆಸ್ಟ್ರೇಲಿಯದ ಮರಂಬೇಟ್‌ಮನ್ ಎಂಬ ಊರಿನಲ್ಲಿ ಆಂಥೊನಿ ವೆಸ್ಲಿ ಎಂಬ ಹವ್ಯಾಸಿ ತನ್ನ 14.5 ಅಂಗುಲದ ದೂರದರ್ಶಕದ ಮೂಲಕ ಗುರುಗ್ರಹದ ದಕ್ಷಿಣ ಧ್ರುವದ ಬಳಿ ಕಪ್ಪು ಕಲೆಯೊಂದನ್ನು ಕಂಡ. ಅವನು ಉದ್ಗಾರ ತೆಗೆಯಲಿಲ್ಲ, ಸಂದೇಹಪಟ್ಟ. ಇದು ಉಪಗ್ರಹವೇ, ಅದರ ನೆರಳೇ, ಬಿರುಗಾಳಿಯೇ? ಕಲೆ ಗ್ರಹದೊಡನೆಯೇ ತಿರುಗುತ್ತಿತ್ತು. ಎರಡು ರಾತ್ರಿ ಹಿಂದಿನ ಚಿತ್ರಗಳಲ್ಲಿ ಅದು ಇರಲಿಲ್ಲ. ಇಷ್ಟನ್ನು ನೋಡಿಕೊಂಡು ಇತರರಿಗೆ ತಿಳಿಸಿದ. ಅದು ಹೊಡೆತದ ಗಾಯವೆಂದು ಹವಾಯಿಯ ದೊಡ್ಡ ದೂರದರ್ಶಕ ಮರುದಿನವೇ ಸ್ಥಿರಪಡಿಸಿತು. ಅವನ ವರದಿಯಲ್ಲಿ ವಿಶೇಷಣಗಳಿಗಿಂತ ಪರೀಕ್ಷೆಗಳೇ ಹೆಚ್ಚು. ಓದುವವನ ಎದೆ ಬಡಿದುಕೊಳ್ಳುವುದು ಆ ಕಾರಣದಿಂದಲೇ.

ನಮ್ಮ ಬರಹಗಳಾದರೋ ನೇರವಾಗಿ ರೂಪಕಕ್ಕೆ ಹಾರುತ್ತವೆ. 1994ರ ಜುಲೈಯಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ಚೂರುಗಳು ಗುರುವಿನ ಮೇಲೆ ಸಾಲಾಗಿ ಬಿದ್ದುವಷ್ಟೆ. ಅಂದಿನಿಂದ ಗುರು ಭೂಮಿಯ ದ್ವಾರಪಾಲಕನೆಂಬ ಮಾತು ಸವೆದು ಹೋಗುವಷ್ಟು ಸಲ ಬಂದಿದೆ. ರೂಪಕ ಸೊಗಸಾಗಿದೆ, ಆದರೆ ಗಣಿತ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಗುರುವಿನ ಸೆಳೆತ ಕೆಲವು ಕಲ್ಲುಗಳನ್ನು ಆಚೆಗೆ ಎಸೆಯುವಂತೆ ಇನ್ನು ಕೆಲವನ್ನು ನಮ್ಮತ್ತಲೂ ತಿರುಗಿಸುತ್ತದೆ. ಮಾತು ಹಳೆಯದಾದುದರಿಂದ ಅದು ನಿಜವೆಂದು ತಿಳಿಯುವುದು ಲೇಖಕನಿಗೆ ತಕ್ಕುದಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅದೃಷ್ಟವಂತನ ಕಥೆಯನ್ನಷ್ಟೇ ಹೇಳಿ ನಾವು ಬರಿಗೈ ರಾತ್ರಿಗಳನ್ನು ಬಿಟ್ಟುಬಿಡುತ್ತೇವೆ. 2010ರ ಜೂನ್ 3ರಂದು ಗುರುವಿನ ಮೇಲೆ ಸುಮಾರು ಎರಡು ಸೆಕೆಂಡುಗಳ ಕಾಲ ಬೆಳಕೊಂದು ಮಿಂಚಿತು. ಅದು ವೆಸ್ಲಿಯ ಚಿತ್ರಗಳಲ್ಲೂ ಫಿಲಿಪ್ಪೀನ್ಸಿನ ಕ್ರಿಸ್ಟೊಫರ್ ಗೋನ ಚಿತ್ರಗಳಲ್ಲೂ ದಾಖಲಾದುದರಿಂದಲೇ ಲೋಕ ಒಪ್ಪಿತು. 2016ರ ಮಾರ್ಚ್ 17ರ ಮಿಂಚು ಆಸ್ಟ್ರಿಯದ ಹವ್ಯಾಸಿಯೊಬ್ಬನ 8 ಅಂಗುಲದ ದೂರದರ್ಶಕಕ್ಕೆ ಸಿಕ್ಕಿತು. ಐರ್ಲೆಂಡಿನ ಮತ್ತೊಬ್ಬ ಸಾಕ್ಷಿಯಾದ. ಇಂಥ ಕೆಲವೇ ಮಿಂಚುಗಳನ್ನೂ, ಏನೂ ಕಾಣದೆ ಕಾದ ಗಂಟೆಗಳನ್ನೂ ಕೂಡಿಸಿ ಲೆಕ್ಕ ಹಾಕಿದ ವಿದ್ವಾಂಸರು, 5ರಿಂದ 20 ಮೀಟರಿನ ಅಥವಾ ಅದಕ್ಕೂ ದೊಡ್ಡ ಕಲ್ಲುಗಳು ವರ್ಷಕ್ಕೆ 10ರಿಂದ 65 ಸಲ ಗುರುವಿನ ಮೇಲೆ ಬೀಳುತ್ತವೆಂದು 2018ರಲ್ಲಿ ಅಂದಾಜಿಸಿದರು. ‘ಇಂದು ಏನೂ ಕಾಣಲಿಲ್ಲ’ ಎಂದು ಬರೆದಿಟ್ಟವನೂ ಆ ಅಂಕೆಯಲ್ಲಿ ಪಾಲುಗಾರ. ಇದನ್ನು ನಮ್ಮ ಗದ್ಯ ವಾಚಕನಿಗೆ ಹೇಳಿಯೇ ಇಲ್ಲ.

ಹೇಳಿದ್ದರೆ ಯಾರಿಗೆ ಲಾಭ? ಸಿರುಗುಪ್ಪ ತಾಲ್ಲೂಕಿನ ನಮ್ಮ ರಾರಾವಿಯ ವಾಚಕನನ್ನೇ ತೆಗೆದುಕೊಳ್ಳೋಣ. ಅವನ ಊರಿನ ಅಕ್ಷಾಂಶ ಸುಮಾರು ಹದಿನೈದೂವರೆ ಡಿಗ್ರಿ. ಗುರು ಅಲ್ಲಿ ಮಧ್ಯಾಕಾಶ ದಾಟುವಾಗ ದಿಗಂತದಿಂದ 50 ಡಿಗ್ರಿಗಿಂತ ಕೆಳಗೆ ಎಂದೂ ಇಳಿಯುವುದಿಲ್ಲ. 2019ರಲ್ಲಿ ಲಂಡನ್ನಿನವರಿಗೆ ಸುಮಾರು 16 ಡಿಗ್ರಿಯಷ್ಟೇ ದಕ್ಕಿತು. ಗ್ರಹ ತಗ್ಗಿನಲ್ಲಿದ್ದಷ್ಟೂ ಅಡ್ಡ ಬರುವ ಗಾಳಿ ಹೆಚ್ಚು, ಬಿಂಬದ ಕದಲಿಕೆ ಹೆಚ್ಚು. ಜಪಾನಿನಲ್ಲಿ ಗುರು ಪಡುವಣಕ್ಕೆ ವಾಲಿ, ಯೂರೋಪಿನಲ್ಲಿ ಇನ್ನೂ ಮೂಡಣದಲ್ಲಿ ಏರುತ್ತಿರುವ ಹೊತ್ತಿಗೆ ನಮ್ಮಲ್ಲಿ ಅತ್ಯುನ್ನತ ಸ್ಥಾನದಲ್ಲಿರುತ್ತಾನೆ. ಗುರುಬಲ ಕೇಳಲು ಪಂಚಾಂಗ ತೆರೆಸುವ ನಾವು ಗುರುವನ್ನು ನೋಡಲು ಅಂಗಳಕ್ಕೆ ಇಳಿಯುವುದಿಲ್ಲ. ಇಳಿಯಿರೆಂದು ನಮ್ಮ ಲೇಖಕರೂ ಕರೆಯುವುದಿಲ್ಲ.

ಕರೆದವರು ಇಲ್ಲದಿಲ್ಲ. ಜಿ.ಟಿ. ನಾರಾಯಣ ರಾವ್ ಅವರ ‘ನಕ್ಷತ್ರ ವೀಕ್ಷಣೆ’ ವಾಚಕನ ಕೈಹಿಡಿದು ಆಕಾಶದ ಕೆಳಗೆ ನಿಲ್ಲಿಸಿದ ಪುಸ್ತಕ. ಆ ದಾರಿ ಮುಂದುವರಿಯಬೇಕು. ಇನ್ನೊಮ್ಮೆ ಗುರುವಿನ ಮೇಲೆ ಏನಾದರೂ ಬಿದ್ದಾಗ ಅದನ್ನು ಕುರಿತು ಬರೆಯುವವರು ಹೊತ್ತು, ದಿಕ್ಕು, ದೂರದರ್ಶಕದ ಅಳತೆ, ಕಂಡವನ ಸಂದೇಹ ಇವುಗಳನ್ನು ಮೊದಲು ಬರೆಯಲಿ. ಉಪಮೆ ಬೇಕಾದರೆ ಆಮೇಲೆ ಬರಲಿ. ಓದಿದವರಲ್ಲಿ ಒಬ್ಬನಾದರೂ ಆ ರಾತ್ರಿ ಹೊರಗೆ ಬಂದು ತಲೆಯೆತ್ತಿದರೆ ಆ ಲೇಖನ ಗೆದ್ದಿತೆಂದು ನಾನು ಭಾವಿಸುತ್ತೇನೆ.