ಅರವತ್ತನೆಯ ಬೋರ್ಡಿನ ಪ್ರಶ್ನೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ಒಂದು ಚೆಸ್ ಟೂರ್ನಿ ಹೇಗಾಯಿತೆಂದು ಕೇಳಿ ನೋಡಿ. ಎಂಟ್ರಿ ಎಷ್ಟು ಬಂತು, ಟ್ರೋಫಿ ಎಷ್ಟು ಹಂಚಿದರು, ಉದ್ಘಾಟನೆಗೆ ಯಾರು ಬಂದಿದ್ದರು ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಆಟ ಹೇಗಿತ್ತೆಂಬ ಮಾತೇ ಬರುವುದಿಲ್ಲ. ಕುಸ್ತಿಯ ಸೀಮೆಗೆ ಇದು ಸಹಜವೇ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ ಕಿಕ್ಕಿರಿದರೆ ಅರ್ಧ ಕುಸ್ತಿ ಗೆದ್ದ ಹಾಗೆ. ಗಡಹಿಂಗ್ಲಜದ ಫುಟ್‌ಬಾಲಿಗೂ ಅದೇ ಲೆಕ್ಕ. ಆದರೆ ಅಲ್ಲಿಗೆ ಬಂದವರು ನೋಡಲು ಬಂದವರು. ಚೆಸ್ಸಿಗೆ ಬಂದ ಜನವೇ ಆಡುವ ಜನ. ಹಾಲ್ ತುಂಬಿದಷ್ಟೂ ಸಂಘಟಕರ ತಲೆಯ ಮೇಲಿನ ಹೊರೆ ಹೆಚ್ಚುತ್ತದೆ. ಆ ಹೊರೆಯನ್ನು ಹೇಗೆ ಹೊರುತ್ತಾರೆ ಎಂಬುದರ ಮೇಲೆ ಟೂರ್ನಿಯ ಬೆಲೆ ಕಟ್ಟಬೇಕು.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಭಾಗದ ಒಂದು ದಿನದ ಓಪನ್ ಟೂರ್ನಿಗಳು ಅಂಕದಲ್ಲಿ ಮುಂದಿರುವವರು ಕೂರುವ ಮೊದಲ ಹತ್ತು ಬೋರ್ಡುಗಳಿಗೆ ಚೆನ್ನಾಗಿವೆ, ಹಿಂದಿರುವವರು ಕೂರುವ ಅರವತ್ತನೆಯ ಬೋರ್ಡಿಗೆ ಕೆಟ್ಟದಾಗಿವೆ. ಪ್ರವೇಶ ಶುಲ್ಕದ ದೊಡ್ಡ ಪಾಲು ಕಟ್ಟುವವರು ಮಾತ್ರ ಅರವತ್ತನೆಯ ಬೋರ್ಡಿನವರೇ.

ಈ ಟೂರ್ನಿಗಳ ಪದ್ಧತಿಯಲ್ಲಿ ದೋಷವಿಲ್ಲ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದ ಕಾರಣಕ್ಕೆ ಸ್ವಿಸ್ ಎಂದೇ ಹೆಸರಾದ ಈ ಕ್ರಮ ಹವ್ಯಾಸಿಗಳಿಗೆಂದೇ ಹುಟ್ಟಿದಂತಿದೆ. ಇನ್ನೂರು ಜನರನ್ನು ನಾಕೌಟ್‌ಗೆ ಹಾಕಿದರೆ ಒಂದೇ ಆಟಕ್ಕೆ ನೂರು ಜನ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಒಟ್ಟು ಆಗುವುದು 199 ಆಟ. ಅಷ್ಟೇ ಜನ ಸ್ವಿಸ್‌ನಲ್ಲಿ ಏಳು ಸುತ್ತು ಆಡಿದರೆ 700 ಆಟ, ಯಾರೂ ಹೊರಬೀಳುವುದಿಲ್ಲ. ಮೊದಲ ಸುತ್ತು ಮಾತ್ರ ಸ್ವಲ್ಪ ಕ್ರೂರ. ರೇಟಿಂಗ್ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿ ಒಂದನೆಯವನ ಎದುರು ನೂರಾ ಒಂದನೆಯವನನ್ನು ಕೂರಿಸುತ್ತಾರೆ. ಎರಡನೇ ಇಯತ್ತೆಯ ಹುಡುಗಿಯ ಎದುರು ಮೀಸೆ ಹೊತ್ತ ರೇಟೆಡ್ ಆಟಗಾರ ಬಂದು ಕೂರುತ್ತಾನೆ, ಹನ್ನೆರಡು ನಡೆಗೆ ಅವಳ ವಜೀರ ಹೋಗಿರುತ್ತದೆ. ಅಲ್ಲಿಂದ ಮುಂದೆ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಸಿಗುತ್ತಾ ಹೋಗಿ ನಾಲ್ಕನೆಯ ಸುತ್ತಿನ ಹೊತ್ತಿಗೆ ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಸಮಬಲದ ಎದುರಾಳಿ ದೊರೆತಿರುತ್ತಾನೆ. ಮೂರರಲ್ಲಿ ಒಂದು ಅಂಕ ಗಳಿಸಿದ ಹುಡುಗಿಗೂ ಆಗ ನಿಜವಾದ ಚೆಸ್ ಸಿಗುತ್ತದೆ. ನಾಲ್ಕು, ಐದು, ಆರು: ಸ್ವಿಸ್ ಟೂರ್ನಿಯ ತಿರುಳು ಈ ಮೂರು ಸುತ್ತುಗಳಲ್ಲಿದೆ.

ನಮ್ಮ ಸಂಘಟಕರು ಕೆಡಿಸುವುದು ಇವೇ ಮೂರು ಸುತ್ತುಗಳನ್ನು.

ಲೆಕ್ಕ ಸರಳ. ತಲಾ ಹದಿನೈದು ನಿಮಿಷ, ನಡೆಗೆ ಐದು ಸೆಕೆಂಡು ಹೆಚ್ಚುವರಿ ಎಂದಿಟ್ಟುಕೊಳ್ಳಿ. ಅರವತ್ತು ನಡೆಯ ಆಟಕ್ಕೆ ಇಬ್ಬರದೂ ಸೇರಿ ನಲವತ್ತು ನಿಮಿಷ, ಮುಂದಿನ ಸುತ್ತಿನ ಜೋಡಿ ಹಾಕುವ ಪೇರಿಂಗ್‌ಗೆ ಹತ್ತು. ಏಳು ಸುತ್ತಿಗೆ 350 ನಿಮಿಷ, ಅಂದರೆ ಆರು ತಾಸಿಗೆ ಹತ್ತು ನಿಮಿಷ ಕಡಿಮೆ. ಊಟಕ್ಕೆ ಮುಕ್ಕಾಲು ತಾಸು ಬಿಟ್ಟರೂ ಒಂಬತ್ತೂವರೆಗೆ ಮೊದಲ ನಡೆ ಬಿದ್ದರೆ ನಾಲ್ಕೂ ಕಾಲರ ಒಳಗೆ ಆಟ ಮುಗಿಯುತ್ತದೆ. ಬೀಳುವುದಿಲ್ಲ. ಹೆಸರು ನೋಂದಣಿಗೆ ಕಡೆಯ ದಿನ ಎಂದು ಕರಪತ್ರದಲ್ಲಿ ಅಚ್ಚು ಹಾಕಿದ್ದರೂ ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತವರನ್ನು ಸೇರಿಸಿಕೊಳ್ಳುತ್ತಾರೆ, ಎಂಟ್ರಿ ಹೆಚ್ಚಬೇಕಲ್ಲ. ಆಮೇಲೆ ಅತಿಥಿಗಳ ದಾರಿ ಕಾಯುವುದು, ದೀಪ, ಶಾಲು, ತೆಂಗಿನಕಾಯಿ, ಭಾಷಣ. ಚೆಸ್ಸಿನಿಂದ ಬುದ್ಧಿ ಬೆಳೆಯುತ್ತದೆ ಎಂಬ ಮಾತನ್ನು ಬುದ್ಧಿ ಬೆಳೆಸಿಕೊಳ್ಳಲೆಂದು ಬಂದ ಮಕ್ಕಳು ಒಂದು ತಾಸು ಕೂತು ಕೇಳಬೇಕು. ಮೊದಲ ನಡೆ ಬೀಳುವಾಗ ಹನ್ನೊಂದು. ಸಂಜೆ ಕೈಮೀರುತ್ತದೆಂದು ಗೊತ್ತಾದ ಮೇಲೆ ಏಳು ಸುತ್ತು ಆರಾಗುತ್ತದೆ, ಇಲ್ಲವೇ ಹದಿನೈದು ನಿಮಿಷದ ಆಟ ಹತ್ತಕ್ಕೆ ಇಳಿಯುತ್ತದೆ. ಕೊಲ್ಹಾಪುರದ ಟೂರ್ನಿಗೆ ಗಡಹಿಂಗ್ಲಜ, ಚಂದಗಡದಿಂದ ಮಕ್ಕಳನ್ನು ಕರೆತಂದವರು ಐದನೆಯ ಸುತ್ತಿನ ನಂತರ ಎಸ್‌ಟಿ ಬಸ್ ಸ್ಟ್ಯಾಂಡಿನ ಕಡೆ ಹೊರಡುತ್ತಾರೆ. ಆರನೆಯ ಸುತ್ತಿನಲ್ಲಿ ಅರವತ್ತನೆಯ ಬೋರ್ಡಿನ ಹುಡುಗಿ ಖಾಲಿ ಕುರ್ಚಿಯ ಎದುರು ಕೂತು ಪೂರ್ತಿ ಅಂಕ ಪಡೆಯುತ್ತಾಳೆ. ಅವಳು ಬಂದದ್ದು ಅದಕ್ಕಲ್ಲ.

ಹಾಗೆ ಎದ್ದು ಹೋದವರ ನೆರಳು ಬಹುಮಾನದ ಮೇಲೂ ಬೀಳುತ್ತದೆ. ಇಬ್ಬರು ಮಕ್ಕಳು ಏಳಕ್ಕೆ ಐದು ಅಂಕದಲ್ಲಿ ನಿಂತರೆ ಮೊದಲು ನೋಡುವುದು ಸಾಮಾನ್ಯವಾಗಿ ಬುಖೋಲ್ಟ್ಸ್. ಎದುರಾಳಿಗಳೆಲ್ಲ ಸೇರಿ ಎಷ್ಟು ಗಳಿಸಿದರೋ ಆ ಮೊತ್ತ; 1932ರಲ್ಲಿ ಬ್ರೂನೊ ಬುಖೋಲ್ಟ್ಸ್ ಕೊಟ್ಟ ಲೆಕ್ಕ. ಗಟ್ಟಿ ಎದುರಾಳಿಗಳ ಜೊತೆ ಆಡಿ ಗೆದ್ದವರಿಗೆ ಮನ್ನಣೆ ಎಂಬ ನ್ಯಾಯ ಅದರ ಹಿಂದಿದೆ. ಎದುರಾಳಿಗಳು ಊಟ ಮಾಡಿ ಮನೆಗೆ ಹೋದರೆ ಮೊತ್ತ ಏರುಪೇರಾಗುತ್ತದೆ. ನಿಯಮದಲ್ಲಿ ಅದಕ್ಕೊಂದು ತೇಪೆ ಇದೆ, ಆದರೆ ತೇಪೆ ತೇಪೆಯೇ. ಟ್ರೋಫಿ ತಪ್ಪಿದ ಮಗುವಿನ ತಂದೆ ಸ್ವಿಸ್ ಮ್ಯಾನೇಜರ್ ಸಾಫ್ಟ್‌ವೇರ್ ಮುಂದೆ ಕೂತವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಅವನು ಕಂಪ್ಯೂಟರ್ ಹೇಳಿದ್ದು ಎನ್ನುತ್ತಾನೆ. ಇಬ್ಬರೂ ತಮ್ಮ ಮಟ್ಟಿಗೆ ಸರಿ. ಸಮ ಅಂಕ ಬಿಡಿಸುವ ಈ ಟೈಬ್ರೇಕ್ ಏನು, ಹೇಗೆ ಎಂದು ಮರಾಠಿಯಲ್ಲಿ ಹತ್ತು ಸಾಲು ಬರೆದು ಬೆಳಿಗ್ಗೆಯೇ ಗೋಡೆಗೆ ಅಂಟಿಸಿದ್ದರೆ ಅರ್ಧ ಜಗಳ ಹುಟ್ಟುತ್ತಿರಲಿಲ್ಲ. ಗೋಡೆಯಲ್ಲಿ ಜಾಗವಿಲ್ಲ, ಫ್ಲೆಕ್ಸ್ ಇದೆ.

ಆಟದ ತೀರ್ಪುಗಾರರಾದ ಆರ್ಬಿಟರ್‌ಗಳ ವಿಷಯದಲ್ಲಿ ಇನ್ನೂ ಕಷ್ಟ. ಕೆಳಗಿನ ಬೋರ್ಡುಗಳ ಮಕ್ಕಳಿಗೆ ಮುಟ್ಟಿದ ಕಾಯಿ ನಡೆಸಬೇಕೆಂಬುದು ಗೊತ್ತು. ಎದುರಾಳಿ ನಿಯಮ ತಪ್ಪಿ ನಡೆದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್‌ನನ್ನು ಕರೆಯಬೇಕೆಂಬುದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಹುಡುಗ ಕೈ ಎತ್ತಿ ಕೂರುತ್ತಾನೆ. ಆರ್ಬಿಟರ್ ಮೂರು ಸಾಲು ಆಚೆ ಇನ್ನಾವುದೋ ತಕರಾರಿನಲ್ಲಿದ್ದಾರೆ. ಹುಡುಗನ ಗಡಿಯಾರ ಓಡುತ್ತಲೇ ಇದೆ, ಎತ್ತಿದ ಕೈ ಎತ್ತಿದಂತೆಯೇ. ಹೊರಗೆ ಗ್ರಿಲ್ ಹಿಡಿದು ನಿಂತ ತಾಯಿ ಗಡಿಯಾರ ಒತ್ತೆಂದು ಸನ್ನೆ ಮಾಡುತ್ತಾಳೆ, ಸ್ವಯಂಸೇವಕ ಬಂದು ಅವಳನ್ನು ಹಿಂದೆ ಸರಿಸುತ್ತಾನೆ. ರ‍್ಯಾಪಿಡ್ ಆಟದಲ್ಲಿ ಎರಡನೆಯ ತಪ್ಪು ನಡೆಗೆ ಸೋಲು ಎಂಬ ನಿಯಮವೂ ಎಷ್ಟೋ ಮಕ್ಕಳಿಗೆ ತಿಳಿಯುವುದು ಸೋತ ಮೇಲೆ. ಉದ್ಘಾಟನೆಯ ಭಾಷಣದಿಂದ ಹತ್ತು ನಿಮಿಷ ಕಸಿದು ಇದನ್ನು ಹೇಳಿಕೊಟ್ಟರೆ ಸಾಕು.

ಟ್ರೋಫಿಗಳ ಮಾತಿಗೆ ಬರೋಣ. ಏಳು, ಒಂಬತ್ತು, ಹನ್ನೊಂದು, ಹದಿಮೂರು, ಹದಿನೈದು ವರ್ಷದೊಳಗಿನವರಿಗೆ ಬೇರೆ ಬೇರೆ, ಹುಡುಗಿಯರಿಗೆ ಬೇರೆ, ಅರವತ್ತು ದಾಟಿದವರಿಗೊಂದು, ಊರಿನವರಿಗೊಂದು. ಇದನ್ನು ಗೇಲಿ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಮಗು ಮತ್ತೊಮ್ಮೆ ಬರುವುದು ಟ್ರೋಫಿಯ ಆಸೆಗೇ, ಬರುತ್ತಾ ಬರುತ್ತಾ ಆಟದ ಆಸೆ ಹುಟ್ಟುತ್ತದೆ. ವುಮನ್ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಋಚಾ ಪೂಜಾರಿ ಇದೇ ಕೊಲ್ಹಾಪುರದವರು; ನಾಗಪುರದ ದಿವ್ಯಾ ದೇಶಮುಖ್ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದ ಮೇಲೆ ಹುಡುಗಿಯರ ಸಾಲು ಉದ್ದವಾದರೆ ಆಶ್ಚರ್ಯವಿಲ್ಲ. ನನ್ನ ತಕರಾರು ಆ ಪಟ್ಟಿಯಲ್ಲಿಲ್ಲದವರ ಬಗ್ಗೆ. ಹದಿನೈದು ದಾಟಿ ಅರವತ್ತು ಮುಟ್ಟದ ಹವ್ಯಾಸಿ, ಇಚಲಕರಂಜಿಯ ನೂಲಿನ ಸೈಜಿಂಗಿನಲ್ಲಿ ಪಾಳಿ ಮುಗಿಸಿ ಬಂದವನು, ಬ್ಯಾಂಕಿನವನು, ಮಾಸ್ತರ: ಇವರಿಗೆ ಅಲ್ಲಿ ಏನಿದೆ? ರೇಟೆಡ್ ಟೂರ್ನಿಯಾದರೆ ನಷ್ಟವೂ ಇದೆ. 2024ರ ಮಾರ್ಚ್‌ನಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ರೇಟಿಂಗಿನ ತಳಮಟ್ಟವನ್ನು 1000ದಿಂದ 1400ಕ್ಕೆ ಏರಿಸಿತು, ನಿಜ. ಆದರೂ ದಿನವಿಡೀ ಆನ್‌ಲೈನ್ ಆಡಿ ಬಲಿತ, ರೇಟಿಂಗ್ ಮಾತ್ರ ಇನ್ನೂ ಬಲಿಯದ ಹತ್ತು ವರ್ಷದವನ ಎದುರು ಸೋತು ಅಂಕ ಕಳೆದುಕೊಂಡು ಬರುವುದಕ್ಕಿಂತ ಭಾನುವಾರ ಮನೆಯಲ್ಲಿರುವುದೇ ಮೇಲು ಎಂದು ದೊಡ್ಡವರು ಹಿಂದೆ ಸರಿಯುತ್ತಾರೆ. ಮಕ್ಕಳಿಗೂ ಇದರಿಂದ ನಷ್ಟವೇ. ಹಳೆಯ ಕಾಲದ ನಿಧಾನದ ಆಟ, ಎರಡೇ ಪ್ಯಾದೆ ಇಟ್ಟುಕೊಂಡು ಹಿಂಡಿ ಹಿಂಡಿ ಗೆಲ್ಲುವ ಕಲೆ ಅವರಿಗೆ ಸಿಗಬೇಕಾದದ್ದು ಅಂಥವರಿಂದ.

ಮಕ್ಕಳೂ ದೊಡ್ಡವರೂ ಮತ್ತೆ ಮತ್ತೆ ಬರುವಂಥ ಟೂರ್ನಿ ಆಗದ ಕೆಲಸವೆನ್ನುವವರು ಪಕ್ಕದ ಸಾಂಗಲಿಯನ್ನು ನೋಡಲಿ, ಐವತ್ತು ಕಿಲೋಮೀಟರಿನ ದಾರಿ. ಭಾವುಸಾಹೇಬ ಪಡಸಲಗೀಕರ ಅಲ್ಲಿಯ ನೂತನ ಬುದ್ಧಿಬಳ ಮಂಡಳದ ಮೂಲಕ ಬೇಸಿಗೆ ಬಂತೆಂದರೆ ಟೂರ್ನಿ ಎಂಬ ರೂಢಿಯನ್ನು ಊರಿಗೆ ಹಚ್ಚಿದರು. ಚೆಸ್ ಆಟಗಾರ್ತಿಯರಾದ ಭಾಗ್ಯಶ್ರೀ ಸಾಠೆ ಠಿಪ್ಸೆ, ಸ್ವಾತಿ ಘಾಟೆ ಆ ಊರಿನ ನೆಲದಲ್ಲಿ ಬೆಳೆದವರು. ಒಂದು ದಿನ ಜಾತ್ರೆ ಮಾಡಿ ಮರುದಿನ ಪೆಂಡಾಲು ಬಿಚ್ಚಿದ್ದರೆ ಅದು ಆಗುತ್ತಿರಲಿಲ್ಲ. ಆಟಕ್ಕೊಂದು ಖಾಯಂ ಮನೆ ಇತ್ತು, ವರ್ಷ ವರ್ಷವೂ ಬರುವ ಜನ ಇದ್ದರು.

ಗಡಿಯ ಆಚೆಯವರ ಪರವಾಗಿಯೂ ಒಂದು ಮಾತು. ನಿಪ್ಪಾಣಿಯ ಹುಡುಗನಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಆಯ್ಕೆಯ ಟೂರ್ನಿಗಳಿಗೆ ಅವನು ಕರ್ನಾಟಕದಲ್ಲೇ ಆಡಬೇಕು, ಓಪನ್‌ಗೆ ಮಾತ್ರ ಇಲ್ಲಿಗೆ ಬರಬಹುದು, ಬರುತ್ತಾನೆ. ಗಡಹಿಂಗ್ಲಜದ ಕನ್ನಡ ಮನೆಮಾತಿನ ಹುಡುಗ ಎದುರಾದರೆ ಇಬ್ಬರೂ ಆಟ ಮುಗಿದ ಕೂಡಲೇ ಪಟಪಟನೆ ಕನ್ನಡಕ್ಕೆ ಬೀಳುತ್ತಾರೆ: ನೀ ಅಲ್ಲಿ ಕುದುರಿ ಯಾಕ ಹಾರಿಸಲಿಲ್ಲ? ಸ್ವಯಂಸೇವಕ ಗದ್ದಲ ಬೇಡವೆಂದು ಅವರನ್ನು ಹೊರಗಟ್ಟುತ್ತಾನೆ. ಹೊರಗೆ ಬಿಸಿಲು, ಮೇಜಿಲ್ಲ, ಬೋರ್ಡಿಲ್ಲ. ಸೋತ ಆಟವನ್ನು ಎದುರಾಳಿಯ ಜೊತೆಗೇ ಕೂತು ತಿರುಗಿ ನೋಡುವ ಹತ್ತು ನಿಮಿಷ ಕಲಿಸುವಷ್ಟನ್ನು ಕ್ಲಾಸಿನ ಒಂದು ತಿಂಗಳೂ ಕಲಿಸದು. ಟೂರ್ನಿ ನಡೆಯುವ ಮಂಗಲ ಕಾರ್ಯಾಲಯಗಳಲ್ಲಿ ವಧುವಿನ ಕಡೆಯವರಿಗೊಂದು, ವರನ ಕಡೆಯವರಿಗೊಂದು ಎಂದು ಎರಡು ಕೋಣೆಗಳಿರುತ್ತವೆ. ಒಂದರಲ್ಲಿ ಅತಿಥಿಗಳ ಚಹಾ, ಇನ್ನೊಂದರಲ್ಲಿ ಬೀಗ ಹಾಕಿದ ಟ್ರೋಫಿಗಳು. ಎರಡನೆಯದನ್ನು ತೆರೆದು ನಾಲ್ಕು ಬೋರ್ಡು ಹಾಸಿಕೊಡಿ. ಟ್ರೋಫಿಗಳು ಬೆಳಿಗ್ಗೆಯಿಂದಲೇ ವೇದಿಕೆಯ ಮೇಲಿದ್ದರೂ ನಡೆಯುತ್ತದೆ.