ವೈಕುಂಠದ ಠ

ಮೊದಲು ಕೆಟ್ಟದ್ದು ಠ.

ಭಾವನ ಹೊಸ ಮನೆಗೆ ‘ವೈಕುಂಠ’ ಎಂದು ಹಿತ್ತಾಳೆಯ ಫಲಕ ಕೆತ್ತುತ್ತಿದ್ದೆ. ಶೆಡ್ಡಿನ ಮೂಲೆಯಲ್ಲಿರುವ ನನ್ನ ಪುಟ್ಟ ಸಿಎನ್‌ಸಿ ಮಿಲ್ಲಿಗೆ ಇದೇನೂ ದೊಡ್ಡ ಕೆಲಸವಲ್ಲ. ಕೆತ್ತಿ ಮುಗಿಸಿ ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಠಕಾರದ ಎಡಗೆನ್ನೆಯೂ ಚಪ್ಪಟೆ, ಬಲಗೆನ್ನೆಯೂ ಚಪ್ಪಟೆ. ಪಕ್ಕದ ಸೊನ್ನೆ ನೆಟ್ಟಗೆ ನಿಲ್ಲಿಸಿದ ಕೋಳಿಮೊಟ್ಟೆಯಂತಿತ್ತು. ಇಂಟರ್‌ನೆಟ್ಟಿನಲ್ಲಿ ಕನ್ನಡದ ಗಂಧವೇ ಇಲ್ಲದವರು ಕೂಡ ಎರಡು ಠ ಜೋಡಿಸಿ ‘ಠ_ಠ’ ಎಂದು ದುರುಗುಟ್ಟುವ ಕಣ್ಣು ಮಾಡುತ್ತಾರೆ. ನನ್ನ ಫಲಕದಿಂದಲೂ ಅಂಥದೇ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ಮಿಲ್ಲಿಗೆ ಗುಂಡನೆಯ ಗೆರೆಗಿಂತ ಕಠಿಣ ಪರೀಕ್ಷೆ ಇಲ್ಲ. ಒಂದು ವೃತ್ತ ಮುಗಿಯುವಷ್ಟರಲ್ಲಿ ಎಕ್ಸ್, ವೈ ಎರಡೂ ದಿಕ್ಕುಗಳು ಹೋದ ದಾರಿಯಲ್ಲೇ ಹಿಂದಿರುಗಬೇಕು. ಎಕ್ಸ್ ಹಿಂದಿರುಗುವ ಜಾಗದಲ್ಲಿ ಟೇಬಲ್ಲು ಒಂದು ಕ್ಷಣ ಸುಮ್ಮನೆ ನಿಂತು, ವೈ ಮಾತ್ರ ಮುಂದೆ ಹೋದರೆ ಅಲ್ಲೊಂದು ಚಪ್ಪಟೆ ಕೆನ್ನೆ ಮೂಡುತ್ತದೆ. ಇಂಗ್ಲಿಷಿನ ಎಚ್, ಎಲ್, ಇ ಕೆತ್ತಿದ್ದರೆ ಈ ಕಳ್ಳತನ ಇನ್ನೂ ಒಂದು ವಾರ ಬಯಲಾಗುತ್ತಿರಲಿಲ್ಲ. ನಮ್ಮ ಲಿಪಿಯೋ ಮೈಯೆಲ್ಲ ದುಂಡು.

ಟೇಬಲ್ಲನ್ನು ನೂಕುವ ಬಾಲ್ ಸ್ಕ್ರೂ ಸವೆದಿದೆಯೇನೋ ಎಂದು ಅಳುಕುತ್ತಲೇ ಎರಡನೇ ಫಲಕ ಏರಿಸಿದೆ. ‘ಕು’ ಅರ್ಧವಾಗಿತ್ತು, ಟಕ್ ಎಂದಿತು. ಜೋರಾಗೇನಲ್ಲ, ಅಡಕೆ ಕತ್ತರಿಸಿದಷ್ಟೇ ಸದ್ದು. ಮೋಟಾರು ಹಾಡುತ್ತಲೇ ಇತ್ತು, ಪರದೆಯ ಮೇಲೆ ಅಂಕಿಗಳು ಓಡುತ್ತಲೇ ಇದ್ದವು. ಟೇಬಲ್ಲು ಮಾತ್ರ ನಿಂತಲ್ಲೇ ನಿಂತಿತ್ತು, ಕಟ್ಟರು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಓಡಾಡಿ ಹಿತ್ತಾಳೆಯಲ್ಲಿ ಕಾಲುವೆ ತೋಡುತ್ತಿತ್ತು. ಸ್ಟೆಪ್ಪರ್ ಮೋಟಾರಿನ ಜಾಯಮಾನವೇ ಹಾಗೆ. ಇನ್ನೂರು ಹೆಜ್ಜೆಗೆ ಒಂದು ಸುತ್ತು ಎಂದು ಎಣಿಸಿಕೊಂಡು ಹೋಗುತ್ತದೆ, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡುವುದಿಲ್ಲ.

ನಾಲ್ಕು ಬೋಲ್ಟು ಬಿಚ್ಚಿ ಮೋಟಾರನ್ನು ಹಿಂದೆಳೆದಾಗ ಅದನ್ನು ಸ್ಕ್ರೂವಿಗೆ ಜೋಡಿಸುವ ಕಪ್ಲಿಂಗ್ ಎರಡು ತುಂಡಾಗಿ ಬಂತು. ಒಂದು ತುಂಡು ಮೋಟಾರಿನ ಶಾಫ್ಟಿನಲ್ಲಿ, ಇನ್ನೊಂದು ಸ್ಕ್ರೂ ತುದಿಯಲ್ಲಿ.

ಮೂರು ವರ್ಷ ದುಡಿದ ಈ ಸಾಮಾನನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. 25 ಮಿ.ಮೀ. ದಪ್ಪ, 30 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಂಡು. ಒಂದು ಕಡೆಯ ತೂತು 6.35 ಮಿ.ಮೀ., ಅಂದರೆ ಕಾಲಿಂಚು. ಮೋಟಾರಿನ ಅಳತೆ ಅಮೆರಿಕದ್ದು. ಇನ್ನೊಂದು ಕಡೆ ಅಪ್ಪಟ 10 ಮಿ.ಮೀ. ನಮ್ಮ ದೇಶ 1956ರಲ್ಲಿ ಮೆಟ್ರಿಕ್ ಕಾಯ್ದೆ ಮಾಡಿಕೊಂಡಿತು, ಆದರೆ ಇಂಚು ನನ್ನ ಶೆಡ್ಡು ಬಿಟ್ಟು ಇನ್ನೂ ಹೋಗಿಲ್ಲ. ಈ ಅರ್ಧ ಹೆಬ್ಬೆರಳುದ್ದದ ತುಂಡಿನೊಳಗೆ ಅವೆರಡೂ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿದ್ದವು.

ಚೆಲುವೆಲ್ಲ ಇರುವುದು ನಡುವೆ. ಕಿತ್ತಳೆ ಸಿಪ್ಪೆಯನ್ನು ಹರಿಯದಂತೆ ಒಂದೇ ಎಳೆಯಲ್ಲಿ ಸುಲಿಯುತ್ತಾರಲ್ಲ, ಹಾಗೆ ಲೋಹದ ಮೈಯನ್ನು ಸುರುಳಿಯಾಗಿ ಸೀಳಿದ್ದಾರೆ. ಬೇರೆ ಸ್ಪ್ರಿಂಗಿಲ್ಲ, ಕೀಲಿಲ್ಲ. ಗಟ್ಟಿ ಸರಳೊಂದರಿಂದ ಒಂದಿಷ್ಟು ಲೋಹವನ್ನು ತೆಗೆದುಬಿಟ್ಟಿದ್ದಾರೆ, ಅಷ್ಟೇ. ತಿರುಚಲು ಹೋದರೆ ಹಟಮಾರಿ, ಪಕ್ಕಕ್ಕೆ ಒತ್ತಿದರೆ ಮೆತ್ತಗೆ ಬಾಗುತ್ತದೆ. ಮೋಟಾರಿನ ಸುತ್ತನ್ನು ಒಂದಿಷ್ಟೂ ಸೋರಿಸದೆ ದಾಟಿಸಬೇಕು, ಎರಡು ಶಾಫ್ಟುಗಳ ನಡುವಿನ ಸಣ್ಣಪುಟ್ಟ ಓರೆಯನ್ನು ನುಂಗಿಕೊಳ್ಳಬೇಕು. ಎರಡು ಕೆಲಸವನ್ನೂ ಆ ಖಾಲಿ ಸೀಳಿಗೆ ಒಪ್ಪಿಸಿದವನ ಬುದ್ಧಿಗೆ ಕೈಮುಗಿಯಬೇಕು.

ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ. ಮುಕ್ಕಾಲು ಪಾಲು ಮಂಕಾಗಿ, ನುಣುಪಾಗಿ, ಸಣ್ಣ ಸಣ್ಣ ಕಮಾನುಗೆರೆಗಳಿಂದ ತುಂಬಿತ್ತು. ಬೇಸಗೆಯಲ್ಲಿ ಕೆರೆಯ ನೀರು ಇಳಿಯುತ್ತ ದಂಡೆಯ ಮೇಲೆ ಬಿಟ್ಟುಹೋಗುವ ಗೆರೆಗಳ ಹಾಗೆ. ಉಳಿದ ಕಾಲುಭಾಗ ಕಲ್ಲುಸಕ್ಕರೆ ಒಡೆದಂತೆ ಹರಳುಹರಳು. ನಾನು ಕೇಳಿದ ಟಕ್ ಈ ಕಾಲುಭಾಗದ್ದು ಮಾತ್ರ. ಮಿಕ್ಕ ಮುಕ್ಕಾಲು ಎಷ್ಟೋ ದಿನದಿಂದ ಸದ್ದಿಲ್ಲದೆ ಬಿರಿಯುತ್ತ ಬಂದಿತ್ತು. ನನ್ನ ಟೇಬಲ್ಲು ಓಡುವುದು ಹೆಚ್ಚೆಂದರೆ ನಿಮಿಷಕ್ಕೆ 3000 ಮಿ.ಮೀ. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ನೂಕುತ್ತದೆ. ಅಲ್ಲಿಗೆ ನಿಮಿಷಕ್ಕೆ 600 ಸುತ್ತು. ಶಾಫ್ಟು ಓರೆಯಿದ್ದರೆ ಪ್ರತಿ ಸುತ್ತಿಗೂ ಸುರುಳಿ ಒಮ್ಮೆ ಬಾಗಿ ಏಳಬೇಕು, ಅಂದರೆ ಒಂದು ಗಂಟೆಯ ಓಟಕ್ಕೆ 36,000 ಬಸ್ಕಿ. ಉಕ್ಕಿಗೆ ಒಂದು ಮಿತಿಯಿದೆ, ಅದರೊಳಗೆ ಎಷ್ಟು ಸಲ ಬಗ್ಗಿಸಿದರೂ ತಾಳುತ್ತದೆ. ಅಲ್ಯೂಮಿನಿಯಂ ಅಂಥ ಮಾತು ಕೊಡುವುದಿಲ್ಲ, ಪ್ರತಿಯೊಂದನ್ನೂ ಲೆಕ್ಕಕ್ಕೆ ಬರೆದಿಟ್ಟುಕೊಳ್ಳುತ್ತದೆ.

ಮಾರನೆಯ ದಿನ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದೆ. ತುಂಡು ನೋಡಿದ ಕೂಡಲೇ ಅಂಗಡಿಯವರು “ಸ್ಪ್ರಿಂಗ್ ಥರದ್ದೇ ಬೇಕಾ ಸಾರ್, ಲವ್‌ಜಾಯ್ ಕೊಡ್ಲಾ?” ಎಂದು ಮೂರು ಡಬ್ಬಿ ಬಿಚ್ಚಿಟ್ಟರು. ಮೂರನೆಯದು ಓಲ್ಡ್‌ಹ್ಯಾಮ್ ಕಪ್ಲಿಂಗ್. 1821ರಲ್ಲಿ ಐರ್ಲೆಂಡಿನ ಜಾನ್ ಓಲ್ಡ್‌ಹ್ಯಾಮ್ ಹಬೆದೋಣಿಯೊಂದರ ತೊಡಕು ಬಿಡಿಸಲು ಕಂಡುಕೊಂಡದ್ದು. ನಡುವೆ ಒಂದು ಬಿಲ್ಲೆ, ಅದರ ಎರಡು ಮುಖದಲ್ಲೂ ಒಂದಕ್ಕೊಂದು ಅಡ್ಡವಾದ ತೋಡು. ಶಾಫ್ಟುಗಳು ಒಂದೇ ಗೆರೆಯಲ್ಲಿಲ್ಲದಿದ್ದರೆ, ಅವು ಒಂದು ಸುತ್ತು ಸುತ್ತುವಷ್ಟರಲ್ಲಿ ಬಿಲ್ಲೆಯ ನಡುಬಿಂದು ತನ್ನದೇ ಪುಟ್ಟ ವೃತ್ತದಲ್ಲಿ ಎರಡು ಸುತ್ತು ಹಾಕುತ್ತದೆ. ಕೌಂಟರಿನ ಮೇಲಿಟ್ಟು ಅದನ್ನೇ ತಿರುಗಿಸುತ್ತ ನಿಂತೆ. ಅಂಗಡಿಯವರು ಕೆಮ್ಮಿದರು.

ಕಣ್ಣು ಸುರುಳಿಯ ಮೇಲೇ ಇತ್ತು, ಕೊಂಡದ್ದು ಮಾತ್ರ ಲವ್‌ಜಾಯ್ ಮಾದರಿಯದನ್ನು. ಎದುರುಬದುರು ಹಲ್ಲುಗಳ ಎರಡು ಹಬ್ಬು, ನಡುವೆ ದಾಸವಾಳದಷ್ಟು ಕೆಂಪಾದ ಪಾಲಿಯುರಿಥೇನ್ ಸ್ಪೈಡರ್. ಗಡಸುತನ 98 ಶೋರ್ ಎ, ಉಗುರು ಊರಿದರೂ ಗುರುತು ನಿಲ್ಲುವುದಿಲ್ಲ. ಕಟ್ಟರಿನ ಹಲ್ಲುಗಳು ಹಿತ್ತಾಳೆಗೆ ಬಡಿಯುವ ನಡುಕವನ್ನು ಅದು ಸ್ವಲ್ಪ ಹೀರಿಕೊಳ್ಳುತ್ತದೆ, ಸವೆದರೆ ಅದೊಂದನ್ನೇ ಬದಲಾಯಿಸಿದರಾಯಿತು. ಸುರುಳಿಯಷ್ಟು ಚೆಲುವೆಯಲ್ಲ, ಮಿಲ್ಲಿಂಗಿನ ಮನೆಗೆ ತಕ್ಕ ಸೊಸೆ.

ಹಳೆಯ ತುಂಡು ಶಾಫ್ಟನ್ನು ಸುಲಭಕ್ಕೆ ಬಿಡಲಿಲ್ಲ. ಗ್ರಬ್ ಸ್ಕ್ರೂ ಕಚ್ಚಿದ ಕಡೆ ಬರ್, ಅಂದರೆ ಲೋಹದ ಚೂಪು ಅಂಚು, ಎದ್ದಿತ್ತು. ಇಲ್ಲಿ ಸುತ್ತಿಗೆ ಎತ್ತಬಾರದು. ಆ ಏಟು ಒಳಗಿನ ಬೇರಿಂಗಿನ ಗುಂಡುಗಳಿಗೆ ಬಿದ್ದು ಅವು ಉರುಳುವ ದಾರಿಯಲ್ಲಿ ಕುಳಿ ಬೀಳುತ್ತದೆ. ತಿರುಚಿ ತಿರುಚಿ ಎಳೆದು, ಬರ್ ಮೇಲೆ ನಯವಾದ ಅರ ಆಡಿಸಿ, ಸೀಮೆಎಣ್ಣೆಯಲ್ಲಿ ಒರೆಸಿ, ಒಣಬಟ್ಟೆಯಿಂದ ಉಜ್ಜಿದೆ. ಹೊಸ ಹಬ್ಬು ಏರಿಸುವಾಗಿನ ಸುಖವೇ ಬೇರೆ. ಎರಡು ಬೆರಳಲ್ಲಿ ನೂಕಿದರೆ ತಡೆಯಿಲ್ಲದೆ ಜಾರುತ್ತದೆ, ಅಲುಗಿಸಿ ನೋಡಿದರೆ ಒಂದು ಚೂರೂ ಅಲುಗುವುದಿಲ್ಲ. ಇದು ಕ್ಲ್ಯಾಂಪ್ ಜಾತಿ. ಅಲೆನ್ ಸ್ಕ್ರೂ ಬಿಗಿದಂತೆ ಶಾಫ್ಟನ್ನು ಕಚ್ಚದೆ ಸುತ್ತಲೂ ಅಪ್ಪಿಕೊಳ್ಳುತ್ತದೆ.

ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಬಂದರು. ಎಚ್‌ಎಂಟಿಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ಎಲ್ಲಿ ಬೋಲ್ಟು ಬಿಚ್ಚಿದರೂ ಅವರಿಗೆ ಗೊತ್ತಾಗುತ್ತದೆ. ಕೈಯಲ್ಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟ ಓರೆ ಅಳೆಯುವ ಪುಟ್ಟ ಲಿವರ್ ಡಯಲ್.

“ಮೋಟಾರ್ ಕೂರಿಸ್ದಾಗ ಡಯಲ್ ಹಾಕಿದ್ಯೇನಯ್ಯಾ?”

“ಇಲ್ಲ ಸಾರ್. ಬಾಗೋ ಕಪ್ಲಿಂಗ್ ಅಲ್ವಾ ಅಂತ...”

“ಬಾಗುತ್ತೆ ಅಂತ ದಿನಾ ಬಗ್ಗಿಸ್ತಾ ಇದ್ರೆ?”

ಸ್ಕ್ರೂ ಕಡೆಯ ಹಬ್ಬಿಗೆ ಡಯಲ್ ಕಟ್ಟಿ, ಅದರ ಬೆರಳು ಮೋಟಾರಿನ ಹಬ್ಬಿನ ಮೈ ಸವರುವಂತೆ ನಿಲ್ಲಿಸಿ, ಸ್ಕ್ರೂ ತಿರುಗಿಸಿದರು. ಮುಳ್ಳು ಐವತ್ತು ಗೆರೆ ಓಡಿತು. ಒಂದು ಗೆರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು, ಕಂಡದ್ದರ ಅರ್ಧ ನಿಜವಾದ ಓರೆ. ಕಾಲು ಮಿಲಿಮೀಟರು! ಮೂರು ವರ್ಷ ಆ ಸುರುಳಿ ಮೌನವಾಗಿ ಹೊತ್ತ ಭಾರ ಇದು, ಹೊರಿಸಿದವನು ನಾನು. ಮೋಟಾರಿನ ಬೋಲ್ಟು ಸಡಿಲಿಸಿ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟುತ್ತ ಹೋದರು. ತಟ್ಟುವುದೆಂದರೂ ಹೆಚ್ಚೇ, ಮಗುವನ್ನು ಮಲಗಿಸುವ ಹಾಗೆ. ಐವತ್ತು ಹದಿನೆಂಟಾಯಿತು. ಹದಿನೆಂಟು ಏಳಾಯಿತು. ಬೋಲ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದಾಗ ಮುಳ್ಳು ಮೂರು ಗೆರೆಗಳ ನಡುವೆ, ನಿದ್ದೆಯಲ್ಲಿರುವವರ ಎದೆಯಂತೆ, ಮೆಲ್ಲಗೆ ಏರಿಳಿಯುತ್ತ ನಿಂತಿತು. ನಿಜವಾದ ಓರೆ 15 ಮೈಕ್ರಾನ್, ಕೂದಲಿನ ದಪ್ಪದ ಸುಮಾರು ಕಾಲುಭಾಗ. ಇಬ್ಬರೂ ಮಾತಾಡದೆ ಅದನ್ನೇ ನೋಡುತ್ತ ಕೂತೆವು. ಡಯಲ್ ಬಿಚ್ಚಿ, ಹಬ್ಬುಗಳ ನಡುವೆ ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದು ಬಿಟ್ಟು ಸ್ಪೈಡರ್ ಕೂರಿಸಿದ್ದಾಯಿತು.

ಮೂರನೇ ಫಲಕ ಏರಿತು. ಠ ಎಡಗಡೆ ತಿರುವಿಗೆ ಬಂದಾಗ ನಾನು ಉಸಿರು ಹಿಡಿದಿದ್ದೆ. ಕಟ್ಟರು ತಿರುಗಿದ ಜಾಗ ಯಾವುದೆಂದು ಗೊತ್ತಾಗದಂತೆ ಗೆರೆ ಬಳುಕಿ ಹೋಯಿತು. ಸೊನ್ನೆ ಸೊನ್ನೆಯಾಯಿತು. ಹಿರಿಯರು ಹಿತ್ತಾಳೆಯ ಪುಡಿಯನ್ನು ಬ್ರಷ್ಷಿನಿಂದ ಸರಿಸಿ, ಕನ್ನಡಕ ಹಣೆಗೇರಿಸಿ, ಫಲಕವನ್ನು ಮೂಗಿನ ಹತ್ತಿರ ಹಿಡಿದರು.

“ಗುಂಡಗೇನೋ ಬಂದಿದೆ. ಒಳಗಿನ ಚುಕ್ಕಿ ಒಂಚೂರು ಕೆಳಗೆ ಕೂತಿದೆಯಲ್ಲಯ್ಯಾ?”

ಮತ್ತೆಲ್ಲಿ ಸಡಿಲವಾಯಿತೋ ಎಂದು ಎದೆ ಧಸಕ್ಕೆಂದಿತು. ಕಂಪ್ಯೂಟರಿನಲ್ಲಿ ನಾನೇ ಬರೆದಿದ್ದ ಅಕ್ಷರದ ಚಿತ್ರ ತೆರೆದು ನೋಡಿದೆ. ಅಲ್ಲೂ ಕೆಳಗೇ ಕೂತಿತ್ತು.